ಬ್ಲಡ್ ಕ್ಯಾನ್ಸರ್, ಬೋನ್ ಮ್ಯಾರೋ ಕಾಯಿಲೆ ಅಂದ್ಮೇಲೆ ಮನೆಯವರು ಏನೇನ್ ಮಾಡ್ಬೇಕು: ನಮ್ ದಾವಣಗೆರೆ ಅನುಭವ

ನಮ್ ಕಡೆ ಯಾರ ಮನೇಲಾದ್ರೂ ರಕ್ತದ ಕಾಯಿಲೆ ಅಂತ ಗೊತ್ತಾದ್ರೆ ಯಾರೋ ಒಬ್ರು ನನ್ ನಂಬರ್ ಕೊಟ್ಟಿರ್ತಾರೆ, ರಾತ್ರಿ ಊಟದ ಹೊತ್ತಿಗೆ ಫೋನ್ ಬರುತ್ತೆ. ಹರಿಹರದಿಂದ, ಹೊಳಲ್ಕೆರೆಯಿಂದ, ಹೋದ ತಿಂಗಳು ಚಳ್ಳಕೆರೆಯಿಂದ. ಎಲ್ರೂ ಕೇಳೋದು ಒಂದೇ, ನಿಮ್ಮಣ್ಣಂಗೆ ಏನ್ ಕೊಟ್ರು, ಎಷ್ಟ್ ಖರ್ಚಾತು, ನಮ್ಮೋರು ಉಳಿತಾರಾ. ನಾನು ತಿರುಗಿ ಕೇಳೋದೂ ಒಂದೇ, ಕಾಯಿಲೆ ಪೂರ್ತಿ ಹೆಸರೇನು, ರಿಪೋರ್ಟ್ ಕೈಗೆ ತಗೊಂಡು ಓದ್ರಿ. ಸುಮಾರು ಜನಕ್ಕೆ ಗೊತ್ತಿರಲ್ಲ. "ಬ್ಲಡ್ ಕ್ಯಾನ್ಸರ್ ಅಂದ್ರು" ಅಂತಾರೆ, ಇಲ್ಲ "ಮೂಳೆ ಒಳಗೆ ರಕ್ತ ತಯಾರಾಗ್ತಿಲ್ಲಂತೆ" ಅಂತಾರೆ. ಪ್ರತಿ ಸಲ ಫೋನಲ್ಲಿ ಹೇಳೋದನ್ನೇ ಇಲ್ಲಿ ಬರೆದಿಡ್ತಿದೀನಿ. ನಾನು ಡಾಕ್ಟ್ರಲ್ಲ, ಪೇಶೆಂಟ್ ತಮ್ಮ. ಔಷಧಿ ಡೋಸು ಹೇಳೋ ಕೆಲ್ಸ ನಂದಲ್ಲ, ಆದ್ರೆ ಡಾಕ್ಟ್ರ ಮುಂದೆ ಕೂತಾಗ ಏನ್ ಕೇಳ್ಬೇಕು, ಮನೇಲಿ ಏನ್ ಮಾಡ್ಬಾರ್ದು, ಬೇರೆಯವರ ಕಥೆ ಕೇಳಿ ಯಾವಾಗ ಹೆದರ್ಬೇಕು ಯಾವಾಗ ಹೆದರ್ಬಾರ್ದು ಅನ್ನೋದನ್ನ ಕಲಿಯೋಕೆ ನಮ್ಗೆ ಆರು ವರ್ಷ ಹಿಡೀತು, ನಿಮ್ಗೆ ಅಷ್ಟು ಹಿಡೀಬಾರ್ದು.

ನಮ್ಮಣ್ಣಂದು 2019ರ ಮಳೆಗಾಲ. ಆಗ 34 ವಯಸ್ಸು, ಅಡಿಕೆ ಮಂಡೀಲಿ ಲೆಕ್ಕ ಬರೀತಿದ್ದ. ಮೆಟ್ಲು ಹತ್ತಿದ್ರೆ ಏದುಸಿರು, ಪೆಟ್ಟು ಬೀಳದೇನೇ ಕಾಲ್ಮೇಲೆ ನೀಲಿ ಕಲೆ, ಹಲ್ಲುಜ್ಜಿದ್ರೆ ರಕ್ತ. ಮೊದ್ಲು ಹೋದ ಕ್ಲಿನಿಕ್‌ನಲ್ಲಿ ಡೆಂಗ್ಯೂ ಇರ್ಬೋದು ಅಂತ ಸೊಂಟಕ್ಕೆ ಒಂದು ಇಂಜೆಕ್ಷನ್ ಹಾಕಿದ್ರು, ಎರಡು ದಿನದಲ್ಲಿ ಆ ಜಾಗ ಅಂಗೈ ಅಗಲ ಕಪ್ಪಾಗಿ ಊದ್ಕೊಂತು. ಆಮೇಲೆ ಸಿಬಿಸಿ, ಅಂದ್ರೆ ರಕ್ತಕಣ ಎಣಿಸೋ ಟೆಸ್ಟು, ಮಾಡಿಸಿದ್ರೆ ಹಿಮೋಗ್ಲೋಬಿನ್ 5.8, ಬಿಳಿ ರಕ್ತಕಣ 1,700, ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್‌ಲೆಟ್ 9,000. ಮೂರೂ ಕೆಳಗೆ. ಅದ್ಕೆ ಮೊದಲ ಮಾತು ಇದು: ಪ್ಲೇಟ್‌ಲೆಟ್ ಎಷ್ಟಿದೆ ಅಂತ ಗೊತ್ತಾಗೋ ತನಕ ಮಾಂಸಖಂಡಕ್ಕೆ ಇಂಜೆಕ್ಷನ್ ಹಾಕಿಸ್ಕೋಬೇಡ್ರಿ, ಮೈಕೈ ನೋವು ಅಂತ ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ನುಂಗ್ಬೇಡ್ರಿ. ಇನ್ನೊಂದು, ಕಾಯಿಲೆ ಏನು ಅಂತ ಪತ್ತೆ ಆಗೋಕೆ ಮುಂಚೆ ಸುಸ್ತು ಹೋಗ್ಲಿ ಅಂತ ಸ್ಟೀರಾಯ್ಡ್ ಕೊಡೋರಿದಾರೆ, ಕೆಲವು ಲುಕೇಮಿಯಾ, ಲಿಂಫೋಮಾ (ಎರಡೂ ರಕ್ತದ ಕ್ಯಾನ್ಸರಿನ ಬಗೆ) ಅದ್ರಿಂದ ನಾಲ್ಕು ದಿನ ತಣ್ಣಗಾದಂಗೆ ಕಾಣುತ್ತೆ, ಆಮೇಲೆ ಟೆಸ್ಟಲ್ಲಿ ಸರಿಯಾಗಿ ಸಿಗೋದೇ ಇಲ್ಲ. ಯಾವ ಮಾತ್ರೆ, ಯಾವ ಇಂಜೆಕ್ಷನ್ ಅಂತ ಚೀಟಿ ಕೇಳಿ ಇಸ್ಕೊಳ್ರಿ, ದೊಡ್ಡಾಸ್ಪತ್ರೆಲಿ ಮೊದ್ಲು ಕೇಳೋದೇ ಅದು.

ಮೂರೂ ಕಣ ಕಮ್ಮಿ ಅಂದ ತಕ್ಷಣ ಕ್ಯಾನ್ಸರ್ ಅಂತ ಅಳೋದು ಬೇಡ. ಬಿ12 ಕೊರತೆಯಿಂದಾನೂ ಮೂರೂ ಕೆಳಗಿಳಿಯುತ್ತೆ, ನಮ್ ಕಡೆ ಅಪ್ಪಟ ಸಸ್ಯಾಹಾರಿ ಮನೆಗಳು ಜಾಸ್ತಿ, ಬಿ12 ಕಮ್ಮಿ ಇರೋರೂ ಜಾಸ್ತಿ. ಅದೊಂದಾಗಿದ್ರೆ ಬಿ12 ಕೊಟ್ರೆ ವಾಸಿ ಆಗುತ್ತೆ. ನಮ್ ಅವ್ವ ಅದೇ ಆಗ್ಲಿ ಅಂತ ದುಗ್ಗಮ್ಮಂಗೆ ಹರಕೆ ಹೊತ್ಕೊಂಡಿದ್ಲು. ಅಣ್ಣಂದು ಅದಾಗಿರ್ಲಿಲ್ಲ, ಆದ್ರೆ ಬಿ12 ನೋಡಿ ತಿಳ್ಕೊಂಡ್ಮೇಲೇ ಡಾಕ್ಟ್ರು ಬೋನ್ ಮ್ಯಾರೋ, ಅಂದ್ರೆ ಮೂಳೆ ಒಳಗಿನ ಮಜ್ಜೆಯ ಟೆಸ್ಟಿಗೆ ಹೋದ್ರು.

ಆ ಟೆಸ್ಟ್ ಬಗ್ಗೆ ಒಂದು ಮಾತು, ಯಾಕಂದ್ರೆ ಅರ್ಧ ಜನ ಇಲ್ಲೇ ನಿಂತ್ಬಿಡ್ತಾರೆ. ಬೆನ್ನುಮೂಳೆಗೆ ಸೂಜಿ ಚುಚ್ತಾರೆ, ಕಾಲು ಸ್ವಾಧೀನ ಹೋಗುತ್ತೆ ಅಂತ ಯಾರೋ ಹೇಳಿರ್ತಾರೆ. ಬೆನ್ನುಹುರಿಗೂ ಇದ್ಕೂ ಸಂಬಂಧ ಇಲ್ಲ. ಸೊಂಟದ ಹಿಂಭಾಗದ ಮೂಳೆ ಇರುತ್ತಲ್ಲ, ಬೆಲ್ಟ್ ಕಟ್ಟೋ ಜಾಗದಿಂದ ಸ್ವಲ್ಪ ಕೆಳಗೆ, ಅಲ್ಲಿ ಮರಗಟ್ಟೋ ಇಂಜೆಕ್ಷನ್ ಕೊಟ್ಟು ಸ್ವಲ್ಪ ದ್ರವ ಎಳಿತಾರೆ, ಮೂಳೆಯ ಸಣ್ಣ ತುಂಡೊಂದು ತೆಗಿತಾರೆ. ದ್ರವ ಎಳೆಯೋ ಕ್ಷಣ ಜಗ್ಗಿದಂಗೆ ನೋವಾಗುತ್ತೆ, ಅದನ್ನ ಮುಚ್ಚಿಡಲ್ಲ, ಅಣ್ಣ ನನ್ ಕೈ ಗಟ್ಟಿ ಹಿಡ್ಕೊಂಡಿದ್ದ. ಅರ್ಧ ಗಂಟೆ ಒಳಗೆ ಮುಗೀತು. ದ್ರವದ ವರದಿ ಬೇಗ ಬರುತ್ತೆ, ಮೂಳೆ ತುಂಡಿಂದು ನಿಧಾನ, ಕ್ರೋಮೋಸೋಮ್ ಟೆಸ್ಟ್ ಇನ್ನೂ ನಿಧಾನ. ಮೂರೂ ಬರೋ ತನಕ ಹೆಸರು ಪೂರ್ತಿ ಆಗಲ್ಲ. ಬೇರೆ ಆಸ್ಪತ್ರೆಗೆ ಹೋಗ್ತಿದ್ರೆ ಸ್ಲೈಡು, ಬ್ಲಾಕು (ತೆಗೆದ ದ್ರವ, ಮೂಳೆ ತುಂಡನ್ನ ಇಟ್ಟಿರೋ ಸ್ಯಾಂಪಲ್) ಬೇಕು ಅಂತ ಕೇಳಿ ಇಸ್ಕೊಳ್ರಿ, ಇಲ್ಲಾಂದ್ರೆ ಅಲ್ಲಿ ಮತ್ತೆ ಚುಚ್ತಾರೆ.

ಈಗ ಹೆಸರಿನ ವಿಷ್ಯ, ಇಡೀ ಬರಹದಲ್ಲಿ ನಾನು ಒತ್ತಿ ಹೇಳೋದು ಇದನ್ನೇ. ನೂರು ಪುಟದ್ದು ಒಂದು ನೋಟ್‌ಬುಕ್ ತಗೊಳ್ರಿ. ಮೊದಲ ಪುಟದಲ್ಲಿ ಡಾಕ್ಟ್ರ ಕೈಯಿಂದಾನೇ ಕಾಯಿಲೆ ಪೂರ್ತಿ ಹೆಸರು ಬರೆಸ್ರಿ, ಜೊತೆಗೆ ಅದರ ಬಗೆ, ಎಷ್ಟು ತೀವ್ರ, ಕ್ರೋಮೋಸೋಮ್ ಅಥವಾ ಜೀನ್ ಟೆಸ್ಟಲ್ಲಿ ಏನು ಸಿಕ್ತು ಅನ್ನೋದು. ನಮ್ ನೋಟ್‌ಬುಕ್ಕಿನ ಮೊದಲ ಸಾಲು "ಸಿವಿಯರ್ ಅಪ್ಲಾಸ್ಟಿಕ್ ಅನೀಮಿಯಾ". ಇದು ಕ್ಯಾನ್ಸರ್ ಅಲ್ಲ. ಹೆಚ್ಚಿನವರಲ್ಲಿ ನಮ್ ಮೈಯ ರಕ್ಷಣೆ ಮಾಡೋ ಕಣಗಳೇ ದಾರಿ ತಪ್ಪಿ ಮಜ್ಜೆಯ ಮೂಲ ಕಣಗಳನ್ನ ಹೊಡೆದು ಹಾಕ್ತಾವೆ, ಮಜ್ಜೆ ಖಾಲಿ ಆಗಿ ಕೊಬ್ಬು ತುಂಬ್ಕೊಳುತ್ತೆ. ಆದ್ರೂ ಕ್ಯಾನ್ಸರ್ ವಾರ್ಡಲ್ಲೇ ಮಲಗಿಸ್ತಾರೆ, ಯಾಕಂದ್ರೆ ನೋಡೋ ಡಾಕ್ಟ್ರು ಅವರೇ, ರಕ್ತದ ಕಾಯಿಲೆ ನೋಡೋ ಹೆಮಟಾಲಜಿಸ್ಟು. ಊರಲ್ಲಿ ಮಾತ್ರ "ಕ್ಯಾನ್ಸರಂತೆ" ಅಂತ ಹಬ್ಬಿ ನಮ್ ತಂಗಿಗೆ ನೋಡ್ತಿದ್ದ ಒಂದು ಸಂಬಂಧಾನೇ ಹಿಂದೆ ಸರೀತು, ಆ ನೋವು ಬೇರೆ.

ಬೆಂಗಳೂರಿನ ಓಪಿಡಿ ಹಾಲಲ್ಲಿ ಕೂತಾಗ ನನಗೆ ಕಣ್ಣು ತೆರೀತು. ನಮ್ ಸಾಲಲ್ಲಿ ಆರು ಜನ, ಆರೂ ಜನರನ್ನ ಊರಲ್ಲಿ ಬ್ಲಡ್ ಕ್ಯಾನ್ಸರ್ ಅಂತಾನೇ ಕರೀತಾರೆ, ಆರೂ ಬೇರೆ ಬೇರೆ. ಒಬ್ಬ ಯಜಮಾನ್ರಿಗೆ ಸಿಎಂಎಲ್ ಅನ್ನೋ ನಿಧಾನಕ್ಕೆ ಬೆಳೆಯೋ ಲುಕೇಮಿಯಾ, ದಿನಾ ಒಂದು ಇಮಾಟಿನಿಬ್ ಮಾತ್ರೆ ನುಂಗಿ ಹನ್ನೊಂದು ವರ್ಷದಿಂದ ತೋಟ ಮಾಡ್ತಿದಾರೆ. ಆ ಮಾತ್ರೆ 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೀತು, ಅದ್ಕೂ ಮುಂಚೆ ಅದೇ ಕಾಯಿಲೆಗೆ ಕೆಲವೇ ವರ್ಷ ಅಂತಿದ್ರು, ಈಗ ದೊಡ್ಡ ಸಂಶೋಧನೆಯೊಂದ್ರಲ್ಲಿ ಅದೇ ಮಾತ್ರೆಯಿಂದ ಶುರು ಮಾಡಿದ ನೂರರಲ್ಲಿ 83 ಜನ ಹತ್ತು ವರ್ಷ ದಾಟಿದ್ರು. ನಮ್ ದೇಶದಲ್ಲಿ ಜೆನೆರಿಕ್ ಸಿಗುತ್ತೆ, 2013ರಲ್ಲಿ ಸುಪ್ರೀಂ ಕೋರ್ಟು ಕಂಪನಿಯ ಪೇಟೆಂಟ್ ಅರ್ಜಿ ತಿರಸ್ಕರಿಸಿದ್ದು ಅದ್ಕೆ ದೊಡ್ಡ ಬಲ. ಪಕ್ಕದಲ್ಲಿ ಕೂತಿದ್ದ ಹುಡುಗಂಗೆ ಎಪಿಎಲ್, ರೇಷನ್ ಕಾರ್ಡಿನ ಎಪಿಎಲ್ ಅಲ್ಲ, ಲುಕೇಮಿಯಾದಲ್ಲಿ ಒಂದು ಬಗೆ. ಅದು ಮೊದಲ ಕೆಲವು ದಿನ ರಕ್ತಸ್ರಾವದಿಂದ ಜೀವ ತೆಗೀಬೋದು, ಆ ದಿನ ದಾಟಿಸಿದ್ರೆ ಮಾತ್ರ ಅಟ್ರಾ, ಆರ್ಸೆನಿಕ್ ಅನ್ನೋ ಎರಡು ಔಷಧಿಯಿಂದ ಬಹುತೇಕ ಎಲ್ರೂ ಗುಣ ಆಗ್ತಾರೆ. ಇನ್ನೊಂದು ಕಡೆ ಒಂದು ಮಗು, ಎಎಲ್ಎಲ್ (ಮಕ್ಕಳಲ್ಲಿ ಹೆಚ್ಚು ಕಾಣೋ ಲುಕೇಮಿಯಾ), ಎರಡೂವರೆ ವರ್ಷದ ಟ್ರೀಟ್ಮೆಂಟು, ಆರು ತಿಂಗಳಿಗೆ ಕೂದ್ಲು ಬಂದು ಓಡಾಡ್ತಿದೆ ಅಂತ ನಿಲ್ಲಿಸಿ ಊರಿಗೆ ಹೋಗಿದ್ರಂತೆ, ವಾಪಸ್ ಬಂದಿದ್ರು. ಮಕ್ಕಳ ಎಎಲ್ಎಲ್ ಪೂರ್ತಿ ಟ್ರೀಟ್ಮೆಂಟ್ ಮಾಡಿಸಿದ್ರೆ ಹೆಚ್ಚಿನ ಮಕ್ಕಳಲ್ಲಿ ಗುಣ ಆಗೋ ಕಾಯಿಲೆ, ಮಧ್ಯದಲ್ಲಿ ಬಿಡೋದೇ ಅದಕ್ಕೆ ದೊಡ್ಡ ಶತ್ರು. ದಯವಿಟ್ಟು ಯಾರೂ ಹಂಗ್ ಮಾಡ್ಬೇಡ್ರಿ.

ಅದ್ಕೆ ಬೇರೆಯವರ ಅನುಭವ ಕೇಳ್ರಿ, ಖಂಡಿತ ಕೇಳ್ರಿ, ಅದ್ರಿಂದ ಸಿಗೋ ಧೈರ್ಯ ಯಾವ ಪುಸ್ತಕದಲ್ಲೂ ಇಲ್ಲ. ಆದ್ರೆ ಕೇಳೋಕೆ ಮುಂಚೆ ಹೆಸರು, ಬಗೆ, ವಯಸ್ಸು, ಯಾವ ವರ್ಷ, ಮೊದಲ ಟ್ರೀಟ್ಮೆಂಟಾ ಅಥವಾ ಕಾಯಿಲೆ ತಿರುಗಿ ಬಂದಿದ್ದಾ, ಇಷ್ಟು ಹೊಂದುತ್ತಾ ನೋಡ್ರಿ. ಹೊಂದದಿದ್ರೆ ಅದು ಅವರ ಕಥೆ, ನಿಮ್ಮದಲ್ಲ. ನಮ್ ಮಾವ ಒಬ್ರು ಬಂದು "ನಮ್ ಬೀಗರಿಗೂ ಇದೇ ಆಗಿತ್ತು, ಹದಿನೈದು ದಿನಕ್ಕೆ ಹೋದ್ರು" ಅಂತ ಅಣ್ಣನ ಎದುರಿಗೇ ಹೇಳಿದ್ರು. ಆಮೇಲೆ ವಿಚಾರಿಸಿದ್ರೆ ಅವರಿಗೆ ಇದ್ದಿದ್ದು 72 ವಯಸ್ಸಲ್ಲಿ ಎಎಂಎಲ್, ವೇಗವಾಗಿ ಬೆಳೆಯೋ ಬೇರೇನೇ ಒಂದು ಲುಕೇಮಿಯಾ. ಅಣ್ಣ ಆ ರಾತ್ರಿ ಮಲಗ್ಲಿಲ್ಲ. ಒಳ್ಳೆ ಸುದ್ದಿಗೂ ಇದೇ ಅಳತೆ ಹಿಡೀರಿ, ಯಾರಿಗೋ ಮಾತ್ರೇಲಿ ವಾಸಿ ಆತು ಅಂತ ನಿಮ್ ಮನೇಲಿ ಟ್ರಾನ್ಸ್‌ಪ್ಲಾಂಟ್, ಅಂದ್ರೆ ದಾನಿಯ ಮಜ್ಜೆ ಹಾಕೋದನ್ನ, ಮುಂದೂಡಬೇಡ್ರಿ.

ನೋಟ್‌ಬುಕ್ಕಿನ ಎರಡನೇ ಪುಟದಿಂದ ತಾರೀಖು ಹಾಕಿ ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಎಎನ್‌ಸಿ, ಆವತ್ತು ರಕ್ತ ಕೊಟ್ರಾ, ಜ್ವರ ಇತ್ತಾ, ಇಷ್ಟನ್ನ ಬರೀತಾ ಹೋಗ್ರಿ. ಎಎನ್‌ಸಿ ಅಂದ್ರೆ ಸೋಂಕಿನ ಜೊತೆ ಹೊಡೆದಾಡೋ ನ್ಯೂಟ್ರೋಫಿಲ್ ಕಣ ಎಷ್ಟಿದಾವೆ ಅನ್ನೋ ಲೆಕ್ಕ. ರಿಪೋರ್ಟಲ್ಲಿ ಬರೆದಿಲ್ಲಾಂದ್ರೆ ನಾವೇ ತೆಗೀಬೋದು. ಒಟ್ಟು ಬಿಳಿ ಕಣ 1,800 ಅನ್ರಿ, ಅದ್ರಲ್ಲಿ ನ್ಯೂಟ್ರೋಫಿಲ್ ಶೇಕಡ 20 ಅನ್ರಿ, 1,800ರಲ್ಲಿ ಶೇಕಡ 20 ಅಂದ್ರೆ 360. ಐನೂರಕ್ಕಿಂತ ಕೆಳಗಿದ್ರೆ ಅಪಾಯದ ಗೆರೆ, ಇನ್ನೂರಕ್ಕಿಂತ ಕೆಳಗಿದ್ರೆ ಅಪ್ಲಾಸ್ಟಿಕ್ ಅನೀಮಿಯಾನ ವೆರಿ ಸಿವಿಯರ್ ಅಂತಾರೆ. ಬಿಳಿ ಕಣ ಒಟ್ಟು ಎಷ್ಟು ಅಂತ ನೋಡಿ ಸಮಾಧಾನ ಪಡೋದು ತಪ್ಪು, ನಾವು ಒಂದು ತಿಂಗಳು ಅದೇ ತಪ್ಪು ಮಾಡಿದ್ವಿ.

ಜ್ವರ. ಇದೊಂದು ಪ್ಯಾರಾನ ಮನೆಯವರೆಲ್ಲ ಓದ್ರಿ. ಎಎನ್‌ಸಿ ಕಮ್ಮಿ ಇರೋರಿಗೆ 100.4 ಫ್ಯಾರನ್‌ಹೀಟ್, ಅಂದ್ರೆ 38 ಡಿಗ್ರಿ, ಮುಟ್ಟಿದ್ರೆ ಅದು ಎಮರ್ಜೆನ್ಸಿ. ಬೆಳಿಗ್ಗೆ ನೋಡಾಣ ಅನ್ನಂಗಿಲ್ಲ, ಒಂದು ಡೋಲೋ ಹಾಕಿ ಮಲಗಿಸಂಗಿಲ್ಲ. ಮಾತ್ರೆಯಿಂದ ಜ್ವರ ಇಳಿಯುತ್ತೆ, ಒಳಗಿನ ಸೋಂಕು ರಕ್ತಕ್ಕೆ ಹರಡ್ತಾ ಇರುತ್ತೆ. ಆಸ್ಪತ್ರೆ ಮುಟ್ಟಿ ಒಂದು ಗಂಟೆ ಒಳಗೆ ನರಕ್ಕೆ ಆಂಟಿಬಯಾಟಿಕ್ ಹೋಗ್ಬೇಕು. ಬೆಂಗಳೂರು ಇಲ್ಲಿಂದ 260 ಕಿಲೋಮೀಟರು, ಅಲ್ಲಿ ತನಕ ಕಾಯೋಕಾಗಲ್ಲ, ಹಂಗಾಗಿ ಬೆಂಗಳೂರಿನ ಡಾಕ್ಟ್ರ ಹತ್ರ ಒಂದು ಲೆಟರ್ ಬರೆಸ್ಕೊಳ್ರಿ: ಈ ಪೇಶೆಂಟಿಗೆ ನ್ಯೂಟ್ರೋಫಿಲ್ ಕಮ್ಮಿ ಐತೆ, ಜ್ವರ ಬಂದ್ರೆ ಬ್ಲಡ್ ಕಲ್ಚರ್ ತಗೊಂಡು ತಕ್ಷಣ ಇಂತಿಂಥ ಆಂಟಿಬಯಾಟಿಕ್ ಶುರು ಮಾಡಿ, ಈ ನಂಬರಿಗೆ ಫೋನ್ ಮಾಡಿ ಅಂತ. ನಾವು ಅದನ್ನ ಲ್ಯಾಮಿನೇಷನ್ ಮಾಡಿಸಿ ಬಾಗಿಲ ಹಿಂದೆ ಮೊಳೆಗೆ ತೂಗ್ಹಾಕಿದ್ವಿ. ಎಟಿಜಿ (ಮಜ್ಜೆ ಹೊಡೆಯೋ ಆ ರಕ್ಷಣಾ ಕಣಗಳನ್ನ ತಗ್ಗಿಸೋ ಔಷಧಿ) ಆದ ಎರಡನೇ ತಿಂಗಳು ರಾತ್ರಿ ಒಂದೂವರೆಗೆ ಅಣ್ಣಂಗೆ ಚಳಿ ಶುರುವಾತು, ಥರ್ಮಾಮೀಟರ್ 101. ಇಲ್ಲಿನ ಆಸ್ಪತ್ರೆ ಕ್ಯಾಶುವಾಲ್ಟಿಲಿದ್ದ ಚಿಕ್ಕ ವಯಸ್ಸಿನ ಡಾಕ್ಟ್ರು ಲೆಟರ್ ಓದಿ ಒಂದು ಪ್ರಶ್ನೆ ಕೇಳದೆ ಡ್ರಿಪ್ ಹಾಕಿದ್ರು. ಆ ಹೆಣ್ಮಗಳನ್ನ ನಮ್ ಮನೇಲಿ ಇವತ್ತಿಗೂ ನೆನೆಸ್ತೀವಿ.

ರಕ್ತ ಹೊಂದಿಸೋದ್ರಲ್ಲಿ ನಾವು ಮಾಡೋಕೆ ಹೋಗಿದ್ದ ದೊಡ್ಡ ತಪ್ಪು ಒಂದಿತ್ತು. ಅಣ್ಣಂಗೆ ನನ್ ರಕ್ತಾನೇ ಕೊಡ್ತೀನಿ ಅಂತ ನಾನೂ ತಂಗಿನೂ ಮುಂದೆ ಹೋದ್ವಿ, ಅಪ್ಪಾಜಿನೂ ಬಂದ್ರು. ಬ್ಲಡ್ ಬ್ಯಾಂಕಿನ ಟೆಕ್ನಿಷಿಯನ್ ತಡೆದ್ರು. ಮುಂದೆ ಟ್ರಾನ್ಸ್‌ಪ್ಲಾಂಟ್ ಆಗೋ ಸಾಧ್ಯತೆ ಇರೋರಿಗೆ ಮನೆಯವರ ರಕ್ತ ಏರಿಸಬಾರ್ದು, ಪೇಶೆಂಟಿನ ಮೈ ಅದ್ರ ವಿರುದ್ಧ ಪ್ರತಿಕಾಯ ಬೆಳೆಸ್ಕೊಂಡ್ರೆ ನಾಳೆ ಅದೇ ಅಣ್ಣತಮ್ಮಂದಿರ ಮಜ್ಜೆ ಕೂಡಿಕೊಳ್ಳಲ್ಲ. ಮನೆಯವರು ಕೊಡೋದಾದ್ರೆ ಬ್ಯಾಂಕಿಗೆ ಬದಲಿಯಾಗಿ ಕೊಡ್ರಿ, ಪೇಶೆಂಟಿಗೆ ಹೊರಗಿನವರದ್ದು ಹಾಕ್ಲಿ. ಡಾಕ್ಟ್ರು ಇರ್ರೇಡಿಯೇಟೆಡ್ (ವಿಕಿರಣ ಹಾಯಿಸಿದ ರಕ್ತ) ಅಂತ ಬರೆದಿದ್ರೆ ಅದೇ ಬೇಕು, ಸಿಗದಿದ್ರೆ ಡಾಕ್ಟ್ರಿಗೆ ಫೋನ್ ಮಾಡದೆ ಮಾಮೂಲಿದು ಹಾಕಿಸ್ಬೇಡ್ರಿ.

ಪ್ಲೇಟ್‌ಲೆಟ್ ಐದೇ ದಿನ ಬಾಳಿಕೆ, ಹಂಗಾಗಿ ಸ್ಟಾಕ್ ಮಾಡೋಕಾಗಲ್ಲ, ಜನಾನೇ ಸ್ಟಾಕು. ಒಬ್ಬರಿಂದಾನೇ ಮಷಿನಲ್ಲಿ ತೆಗೆಯೋದನ್ನ ಎಸ್‌ಡಿಪಿ ಅಂತಾರೆ, ಒಂದು ಗಂಟೆ ಮೇಲೆ ಕೂರ್ಬೇಕು, ಒಂದು ಎಸ್‌ಡಿಪಿಯಿಂದ ಸಾಮಾನ್ಯವಾಗಿ ಮೂವತ್ತರಿಂದ ಅರವತ್ತು ಸಾವಿರ ಏರುತ್ತೆ. ನಮ್ಗೆ ಕೈ ಹಿಡಿದಿದ್ದು ಇಲ್ಲಿನ ಕಾಲೇಜ್ ಹಾಸ್ಟೆಲ್ ಹುಡುಗ್ರು. ಇಪ್ಪತ್ತು ಹುಡುಗರ ಹೆಸರು, ಗ್ರೂಪು, ಕೊನೆಗೆ ಕೊಟ್ಟ ತಾರೀಖು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿತ್ತು, ಪರೀಕ್ಷೆ ಟೈಮಲ್ಲಿ ಯಾರನ್ನೂ ಕರೀತಿರ್ಲಿಲ್ಲ. ರಕ್ತಕ್ಕೆ ದುಡ್ಡು ಕೇಳೋರು ಸಿಕ್ರೆ ದೂರ ಇರ್ರಿ, ರಕ್ತ ಮಾರೋದು ನಮ್ ದೇಶದಲ್ಲಿ ನಿಷಿದ್ಧ, ಬ್ಲಡ್ ಬ್ಯಾಂಕಿನವರು ತಗೊಳೋದು ಟೆಸ್ಟಿಂಗ್, ಪ್ರೊಸೆಸಿಂಗ್ ಚಾರ್ಜು ಅಷ್ಟೆ. ಪ್ಲೇಟ್‌ಲೆಟ್ 15,000ಕ್ಕೆ ಬಂತು ಅಂತ ಪ್ರತಿ ಸಲ ಓಡ್ಬೇಡ್ರಿ, ಜ್ವರ, ರಕ್ತಸ್ರಾವ ಇಲ್ಲದಿದ್ರೆ ಹತ್ತು ಸಾವಿರದ ಕೆಳಗೆ ಇಳಿದಾಗ ಕೊಟ್ರೆ ಸಾಕು ಅಂತ ಸಂಶೋಧನೆಗಳಲ್ಲಿ ಗೊತ್ತಾಗೇತೆ, ಎಷ್ಟಕ್ಕೆ ಬರ್ಬೇಕು ಅಂತ ನಿಮ್ ಡಾಕ್ಟ್ರ ಹತ್ರ ಒಂದು ನಂಬರ್ ಬರೆಸ್ಕೊಳ್ರಿ. ಕೆಂಪು ರಕ್ತ ಬಹಳ ಬಾಟ್ಲಿ ಏರಿಸಿದ್ರೆ ಮೈಯಲ್ಲಿ ಕಬ್ಬಿಣ ಸೇರ್ತಾ ಹೋಗುತ್ತೆ, ಒಂದು ಬಾಟ್ಲಿಲಿ 200ರಿಂದ 250 ಎಂಜಿ. ಆ ಕಬ್ಬಿಣ ಎಷ್ಟಿದೆ ಅಂತ ತಿಳಿಸೋ ಫೆರಿಟಿನ್ ಟೆಸ್ಟ್ ಯಾವಾಗ ಅಂತ ಕೇಳ್ರಿ, ರಕ್ತ ಕಮ್ಮಿ ಐತೆ ಅಂತ ಐರನ್ ಟಾನಿಕ್ ಮಾತ್ರ ಕುಡಿಸ್ಬೇಡ್ರಿ.

ಇನ್ನು ಸಂಶೋಧನೆ ಓದೋದು. ನನಗೆ ಬಿಕಾಂ ಇಂಗ್ಲಿಷು, ಆದ್ರೂ ಕಲ್ತೆ, ನೀವೂ ಕಲೀಬೋದು. ಲೇಖನ ಪೂರ್ತಿ ಓದ್ಬೇಕಾಗಿಲ್ಲ, ಮೇಲಿನ ಸಾರಾಂಶ ಸಾಕು, ಅರ್ಥ ಆಗದಿದ್ರೆ ಮೊಬೈಲಲ್ಲಿ ಅನುವಾದ ಹಾಕ್ರಿ. ಅದ್ರಲ್ಲಿ ಐದು ಹುಡುಕ್ರಿ: ಯಾರ ಮೇಲೆ ಮಾಡಿದ್ದು, ಎಷ್ಟ್ ಜನ, ಯಾವುದನ್ನ ಯಾವುದರ ಜೊತೆ ಹೋಲಿಸಿದ್ರು, ಯಾವುದನ್ನ ಗೆಲುವು ಅಂತ ಲೆಕ್ಕ ಹಾಕಿದ್ರು, ಎಷ್ಟು ದಿನ ನೋಡಿದ್ರು. ಇಲಿ ಮೇಲೆ ಅಂತಿದ್ರೆ ಅಲ್ಲಿಗೇ ಮುಚ್ಚಿ, ಅದು ಮನುಷ್ಯರಿಗೆ ಬರೋಕೆ ವರ್ಷಗಟ್ಟಲೆ ಹಿಡಿಯುತ್ತೆ, ಬರದೇನೂ ಹೋಗ್ಬೋದು. ಫೇಸ್ ಒಂದು ಅಂದ್ರೆ ಮೈಗೆ ತಡೆಯುತ್ತಾ, ಎಷ್ಟು ಡೋಸು ಅಂತ ಕೆಲವೇ ಜನರಲ್ಲಿ ನೋಡೋದು, ಫೇಸ್ ಮೂರು ಅಂದ್ರೆ ಈಗಿರೋ ಟ್ರೀಟ್ಮೆಂಟಿಗೂ ಹೊಸದಕ್ಕೂ ನೇರ ಪೈಪೋಟಿ.

ನಮ್ ಉದಾಹರಣೆನೇ ಹೇಳ್ತೀನಿ. ಅಣ್ಣಂಗೆ ನಾನೂ ತಂಗಿನೂ ಎಚ್‌ಎಲ್‌ಎ (ಮಜ್ಜೆ ಹೊಂದುತ್ತಾ ಅಂತ ನೋಡೋ ಕಣದ ಗುರುತು) ಹೊಂದಲಿಲ್ಲ, ಹೊಂದಿದ್ರೆ ಆ ವಯಸ್ಸಿಗೆ ಟ್ರಾನ್ಸ್‌ಪ್ಲಾಂಟೇ ಮೊದಲ ಆಯ್ಕೆ ಅಂತಿದ್ರು. ಹಂಗಾಗಿ ಎಟಿಜಿ ಕೊಡ್ತೀವಿ ಅಂದ್ರು. ಅದ್ರಲ್ಲಿ ಕುದುರೆಯಿಂದ ತಯಾರಾಗಿದ್ದು, ಮೊಲದಿಂದ ತಯಾರಾಗಿದ್ದು ಅಂತ ಎರಡು. ಯಾರೋ ಮೊಲದ್ದು ಹೊಸದು, ಜಾಸ್ತಿ ಪವರು, ಅದನ್ನೇ ಹಾಕಿಸ್ರಿ ಅಂದ್ರು. ನಾನು ಹುಡುಕಿದಾಗ 2011ರ ಒಂದು ಅಮೆರಿಕದ ಅಧ್ಯಯನ ಸಿಕ್ತು. 120 ಜನ, ಎಲ್ರಿಗೂ ಸಿವಿಯರ್ ಅಪ್ಲಾಸ್ಟಿಕ್ ಅನೀಮಿಯಾ, ಎಲ್ರಿಗೂ ಮೊದಲ ಟ್ರೀಟ್ಮೆಂಟು, ಅರ್ಧ ಜನಕ್ಕೆ ಕುದುರೆದು, ಅರ್ಧ ಜನಕ್ಕೆ ಮೊಲದ್ದು, ಇಬ್ರಿಗೂ ಜೊತೆಗೆ ರಕ್ಷಣಾ ಕಣ ತಗ್ಗಿಸೋ ಇನ್ನೊಂದು ಔಷಧಿ, ಸೈಕ್ಲೋಸ್ಪೊರಿನ್. ಆರು ತಿಂಗಳಿಗೆ ಕುದುರೆದ್ರಲ್ಲಿ ಶೇಕಡ 68 ಜನಕ್ಕೆ ಹತ್ತಿತು, ಮೊಲದ್ರಲ್ಲಿ ಶೇಕಡ 37. ಮೊಲದ್ದೇ ಮೇಲು ಇರ್ಬೋದು ಅಂದ್ಕೊಂಡವರಿಗೆ ಉಲ್ಟಾ ಬಂತು. ಹೊಸದು ಅಂದ್ರೆ ಒಳ್ಳೇದು ಅಂತಲ್ಲ, ಪಕ್ಕ ಪಕ್ಕ ಇಟ್ಟು ನೋಡಿದ ಮೇಲೇ ಗೊತ್ತಾಗೋದು. ಇನ್ನೊಂದು ಗಮನಿಸ್ರಿ, ಇಲ್ಲಿ "ಹತ್ತಿತು" ಅಂದ್ರೆ ಪೂರ್ತಿ ವಾಸಿ ಅಂತಲ್ಲ, ಸಿವಿಯರ್ ಅನ್ನೋ ಗೆರೆಯಿಂದ ಮೇಲೆ ಬಂದ್ರು ಅಂತ.

ಆಮೇಲೆ 2022ರಲ್ಲಿ ಯುರೋಪಿಂದು ಬಂತು, 197 ಜನ, ಕುದುರೆ ಎಟಿಜಿ, ಸೈಕ್ಲೋಸ್ಪೊರಿನ್ ಎರಡರ ಜೊತೆ ಮಜ್ಜೇಲಿ ಕಣ ತಯಾರಾಗೋಕೆ ನೆರವಾಗೋ ಎಲ್ಟ್ರೊಂಬೊಪಾಗ್ ಮಾತ್ರೆ ಸೇರಿಸಿದ್ರೆ ಹೆಂಗೆ ಅಂತ. ಮೂರು ತಿಂಗಳಿಗೆ ಪೂರ್ತಿ ಸ್ಪಂದನೆ ಮಾತ್ರೆ ಇಲ್ಲದವರಲ್ಲಿ ಶೇಕಡ 10, ಇದ್ದವರಲ್ಲಿ 22. ಮೊದಲ ಸ್ಪಂದನೆ ಕಾಣೋಕೆ ಹಿಡಿದ ಕಾಲ ಸುಮಾರು ಒಂಬತ್ತು ತಿಂಗಳಿಂದ ಮೂರಕ್ಕೆ ಇಳೀತು. ಈ ಸಂಖ್ಯೆ ಆಗ ನನ್ ಕೈಲಿ ಇದ್ದಿದ್ರೆ ಎಷ್ಟೋ ನಿದ್ದೆ ಉಳೀತಿತ್ತು. ಅಣ್ಣಂದು ಮೊದಲ ಮೂರು ತಿಂಗಳು ಒಂದು ಅಂಕಿನೂ ಅಲ್ಲಾಡ್ಲಿಲ್ಲ, ನಾವು ಟ್ರೀಟ್ಮೆಂಟ್ ಸೋತ್ಹೋತು ಅಂತ ಅತ್ತಿದ್ವಿ, ಅವ್ವ ಊಟ ಬಿಟ್ಲು. ನಾಲ್ಕನೇ ತಿಂಗಳು ರಕ್ತ ಏರಿಸೋ ಅಂತರ ಹತ್ತು ದಿನದಿಂದ ಹದಿನೆಂಟಾತು, ಐದನೇ ತಿಂಗಳಿಗೆ ಪ್ಲೇಟ್‌ಲೆಟ್ ತಾನಾಗೇ 24,000. ಈ ಕಾಯಿಲೆಲಿ ಮೂರರಿಂದ ಆರು ತಿಂಗಳು ಕಾಯೋದು ಟ್ರೀಟ್ಮೆಂಟಿನ ಭಾಗಾನೇ, ಯಾರೂ ಮೊದ್ಲೇ ಬಿಡಿಸಿ ಹೇಳಿರ್ಲಿಲ್ಲ, ಅದ್ಕೆ ನಾನು ಹೇಳ್ತಿದೀನಿ.

ಸುದ್ದೀಲಿ ಕಾರ್-ಟಿ (ಪೇಶೆಂಟಿನ ರಕ್ಷಣಾ ಕಣಗಳನ್ನೇ ಲ್ಯಾಬಲ್ಲಿ ಬದಲಾಯಿಸಿ ಕ್ಯಾನ್ಸರ್ ಮೇಲೆ ಬಿಡೋ ಟ್ರೀಟ್ಮೆಂಟು) ಅಂತ ಬಂದಾಗ ನನಗೆ ಒಂದೇ ವಾರದಲ್ಲಿ ನಾಲ್ಕು ಫೋನು. ಐಐಟಿ ಬಾಂಬೆ, ಟಾಟಾ ಮೆಮೋರಿಯಲ್ ಸೇರಿ ಬೆಳೆಸಿದ್ದು, ನೆಕ್ಸ್‌ಕಾರ್19 ಅಂತ ಹೆಸರು, 2023ರ ಅಕ್ಟೋಬರಲ್ಲಿ ಒಪ್ಪಿಗೆ ಸಿಕ್ತು, ನಮ್ ದೇಶದ್ದು ಅನ್ನೋದು ಹೆಮ್ಮೆ. ಆದ್ರೆ ಅದು ಸಿಡಿ19 ಅನ್ನೋ ಗುರುತಿರೋ ಬಿ ಕಣದ ಕ್ಯಾನ್ಸರಿಗೆ, ಅಂದ್ರೆ ಬಿ ಸೆಲ್ ಲಿಂಫೋಮಾ, ಬಿ ಸೆಲ್ ಎಎಲ್ಎಲ್, ಅದೂ ಬೇರೆ ಟ್ರೀಟ್ಮೆಂಟ್ ಕೈ ಕೊಟ್ಟಾಗ. ಅಪ್ಲಾಸ್ಟಿಕ್ ಅನೀಮಿಯಾಕ್ಕಲ್ಲ, ಎಎಂಎಲ್‌ಗಲ್ಲ. ಮತ್ತೆ ಹೆಸರಿಗೇ ಬಂದ್ವಿ ನೋಡ್ರಿ.

ಟ್ರಯಲ್ ಬಗ್ಗೆ ನಮ್ ಜನಕ್ಕೆ ಭಯ, ಪ್ರಯೋಗಕ್ಕೆ ಬಳಸ್ಕೊಂತಾರೆ ಅಂತ. ನಮ್ ದೇಶದಲ್ಲಿ ನಡೆಯೋ ಟ್ರಯಲೆಲ್ಲ ಸಿಟಿಆರ್‌ಐ ಅನ್ನೋ ಸರ್ಕಾರಿ ಪಟ್ಟೀಲಿ ನೋಂದಣಿ ಆಗ್ಬೇಕು, 2009ರಿಂದ ಕಡ್ಡಾಯ. ಕಾಯಿಲೆ ಹೆಸರು ಹಾಕಿ ಯಾರ್ ಬೇಕಾದ್ರೂ ಹುಡುಕ್ಬೋದು, ಯಾವ ಆಸ್ಪತ್ರೆಲಿ ನಡೀತಿದೆ, ಇನ್ನೂ ಜನ ತಗೊಳ್ತಿದಾರಾ ಅಂತ ಅದ್ರಲ್ಲೇ ಇರುತ್ತೆ. ಒಪ್ಪಿಗೆ ಪತ್ರ ನಿಮ್ಗೆ ಅರ್ಥ ಆಗೋ ಭಾಷೇಲಿ ಇರ್ಬೇಕು, ಕನ್ನಡದ್ದು ಕೇಳ್ರಿ, ಮನೆಗೆ ತಗೊಂಡೋಗಿ ಓದಿ ಸೈನ್ ಹಾಕ್ರಿ. ಯಾವಾಗ ಬೇಕಾದ್ರೂ ಬಿಟ್ಟು ಬರ್ಬೋದು, ಬಿಟ್ರೆ ಮಾಮೂಲಿ ಟ್ರೀಟ್ಮೆಂಟ್ ನಿಲ್ಲಿಸಂಗಿಲ್ಲ. ಟ್ರಯಲಿನ ಔಷಧಿಗೇ ದುಡ್ಡು ಕೇಳಿದ್ರೆ ಎದ್ದು ಬರ್ರಿ.

ಊಟ ಔಷಧಿ ವಿಷ್ಯ. ಹಸಿ ತರಕಾರಿ, ಹಣ್ಣು ಪೂರ್ತಿ ಬಂದ್ ಮಾಡೋ ಪಥ್ಯದಿಂದ ಸೋಂಕು ಕಮ್ಮಿ ಆಗಲ್ಲ ಅಂತ ಅಧ್ಯಯನಗಳು ಹೇಳ್ತಾವೆ, ಕೈ ತೊಳೆದು, ಬೇಯಿಸಿ, ಬಿಸಿ ಇದ್ದಾಗ್ಲೇ ತಿನ್ನೋದು ಮುಖ್ಯ. ರಸ್ತೆಬದಿ ಮಂಡಕ್ಕಿ ಮಿರ್ಚಿ, ಬೆಣ್ಣೆದೋಸೆ ಹೋಟ್ಲಿನ ಚಟ್ನಿ ಎಣಿಕೆ ಏರೋ ತನಕ ಬಿಡಿಸ್ರಿ, ಅಣ್ಣಂಗೆ ಅತ್ತಿಗೆ ಮನೇಲೇ ಕಾವಲಿ ಇಟ್ಟು ದೋಸೆ ಹಾಕಿ ಕೊಡ್ತಿದ್ರು. ಪಪ್ಪಾಯಿ ಎಲೆ ರಸ ತಂದ್ಕೊಡೋರು ಪ್ರೀತಿಯಿಂದಾನೇ ತರ್ತಾರೆ, ಮಜ್ಜೇಲಿ ಕಣ ತಯಾರಾಗೋದೇ ನಿಂತಿರುವಾಗ ಅದು ಏನೂ ಮಾಡಲ್ಲ, ಕೈ ಮುಗಿದು ಬೇಡ ಅನ್ರಿ. ಸೈಕ್ಲೋಸ್ಪೊರಿನ್ ತಗೊಳೋರು ಚಕ್ಕೋತ ಹಣ್ಣು ತಿನ್ನಂಗಿಲ್ಲ, ರಕ್ತದಲ್ಲಿ ಔಷಧಿ ಮಟ್ಟ ಏರಿ ಕಿಡ್ನಿಗೆ ಪೆಟ್ಟು. ಅದನ್ನ ಹನ್ನೆರಡು ಗಂಟೆ ಅಂತರದಲ್ಲಿ ತಗೋಬೇಕು, ಲೆವೆಲ್ ಟೆಸ್ಟಿಗೆ ರಕ್ತ ಕೊಡೋ ದಿನ ಬೆಳಗಿನ ಡೋಸು ರಕ್ತ ಕೊಟ್ಟ ಮೇಲೆ. ನಾವು ಒಂದು ಸಲ ಮಾತ್ರೆ ಕೊಟ್ಟು ಕರ್ಕೊಂಡೋಗಿ ಇಡೀ ಪ್ರಯಾಣ ದಂಡ ಆತು. ಒಸಡು ಬೆಳೆಯುತ್ತೆ, ಮೈಮೇಲೆ ಕೂದ್ಲು ಜಾಸ್ತಿ ಆಗುತ್ತೆ, ಕೈ ನಡುಗುತ್ತೆ, ಬಿಪಿ ಏರ್ಬೋದು, ಹೇಳ್ರಿ ಡಾಕ್ಟ್ರಿಗೆ, ತಾವೇ ನಿಲ್ಲಿಸ್ಬೇಡ್ರಿ. ಎಲ್ಟ್ರೊಂಬೊಪಾಗ್ ಆದ್ರೆ ಕ್ಯಾಲ್ಸಿಯಂ ಜೊತೆ ಸೇರಿ ಮೈಗೆ ಹತ್ತಲ್ಲ, ಹಾಲು ಮೊಸರಿಗೆ ಎರಡು ಗಂಟೆ ಮುಂಚೆ, ಇಲ್ಲ ನಾಲ್ಕು ಗಂಟೆ ಆದ್ಮೇಲೆ ತಗೋಬೇಕು. ಹಾಲು ಅಂತ ಮಾತ್ರ ಚೀಟೀಲಿ ಬರೆದಿರ್ತಾರೆ, ಚಿತ್ರದುರ್ಗದ ಕಡೆಯೋರು ರಾಗಿ ಮುದ್ದೆನೂ ಲೆಕ್ಕಕ್ಕೆ ತಗೊಳ್ರಿ, ರಾಗೀಲಿ ಕ್ಯಾಲ್ಸಿಯಂ ದಂಡಿಯಾಗಿ ಐತೆ.

ದುಡ್ಡಿನದು ಚಿಕ್ಕದಾಗಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ, ಎಪಿಎಲ್‌ಗೆ ಪ್ಯಾಕೇಜ್ ದರದ ಶೇಕಡ 30, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಜಿಲ್ಲಾಸ್ಪತ್ರೆಯಿಂದ, ದಾವಣಗೆರೇಲಾದ್ರೆ ಚಿಗಟೇರಿ ಆಸ್ಪತ್ರೆಯಿಂದ, ರೆಫರಲ್ ಮಾಡಿಸ್ಕೊಂಡೇ ಹೊರಡ್ರಿ, ಆಧಾರ್ ರೇಷನ್ ಕಾರ್ಡ್ ಒರಿಜಿನಲ್ ಇರ್ಲಿ, ಅಡ್ಮಿಟ್ ಆಗೋ ಮುಂಚೆ ಆರೋಗ್ಯಮಿತ್ರರ ಹತ್ರ ಈ ಟ್ರೀಟ್ಮೆಂಟ್ ಪಟ್ಟೀಲಿದೆಯಾ ಕೇಳ್ರಿ. ಆಮೇಲೆ ಕೇಳಿದ್ರೆ ಕಟ್ಟಿದ ದುಡ್ಡು ವಾಪಸ್ ಬರೋದು ಕಷ್ಟ. ಆಸ್ಪತ್ರೆ ಎಸ್ಟಿಮೇಟ್ ಇಟ್ಟು ಮುಖ್ಯಮಂತ್ರಿ ಪರಿಹಾರ ನಿಧಿಗೂ ಪ್ರಧಾನಿ ಪರಿಹಾರ ನಿಧಿಗೂ ಅರ್ಜಿ ಹಾಕ್ಬೋದು. ರೈಲಿಗೆ ಕನ್ಸೆಷನ್ ಫಾರ್ಮ್ ಆಸ್ಪತ್ರೇಲಿ ತುಂಬಿಸ್ಕೊಳ್ರಿ, ಕ್ಯಾನ್ಸರ್ ಪೇಶೆಂಟಿಗೆ ಸ್ಲೀಪರ್, ಥರ್ಡ್ ಎಸಿ ಪೂರ್ತಿ ಫ್ರೀ, ಜೊತೆಗಿರೋರಿಗೆ ಶೇಕಡ 75 ರಿಯಾಯಿತಿ. ಅಪ್ಲಾಸ್ಟಿಕ್ ಅನೀಮಿಯಾಕ್ಕೆ ಬೇರೆ, ಶೇಕಡ 50. ಗುಂಪಿನ ಬೋಗೀಲಿ ಹೋಗುವಾಗ ಮಾಸ್ಕ್ ತೆಗೀಬೇಡ್ರಿ.

ಅಣ್ಣ ಈಗ ಮಂಡಿಗೆ ವಾಪಸ್ ಹೋಗ್ತಿದಾನೆ. ಹಿಮೋಗ್ಲೋಬಿನ್ 12.4, ಪ್ಲೇಟ್‌ಲೆಟ್ 1.1 ಲಕ್ಷ, ಸೈಕ್ಲೋಸ್ಪೊರಿನ್ ಬಹಳ ನಿಧಾನಕ್ಕೆ ಇಳಿಸ್ತಿದಾರೆ, ಬೇಗ ಇಳಿಸಿದ್ರೆ ಕಾಯಿಲೆ ತಿರುಗಿ ಬರೋ ಸಾಧ್ಯತೆ ಇರುತ್ತೆ. ಕೆಲವರಲ್ಲಿ ವರ್ಷಗಳಾದ್ಮೇಲೆ ಎಂಡಿಎಸ್, ಪಿಎನ್‌ಎಚ್ ಅಂತ ರಕ್ತ, ಮಜ್ಜೆಯ ಬೇರೆ ಕಾಯಿಲೆಗಳ ರೂಪಕ್ಕೆ ತಿರುಗುತ್ತೆ, ಹಂಗಾಗಿ ಚೆಕಪ್ ತಪ್ಪಿಸಂಗಿಲ್ಲ. ನೋಟ್‌ಬುಕ್ ಈಗ ನಾಲ್ಕನೇದು.

ಕೊನೇದಾಗಿ, ಮನೇಲಿ 18 ದಾಟಿದ ಆರೋಗ್ಯವಂತ ಹುಡುಗ್ರು ಹುಡ್ಗೀರು ಇದ್ರೆ ಇದನ್ನ ಓದಿಸ್ರಿ. ಒಡಹುಟ್ಟಿದವರು ಪೂರ್ತಿ ಹೊಂದೋ ಸಾಧ್ಯತೆ ಒಬ್ಬೊಬ್ಬರಿಗೆ ನಾಲ್ಕರಲ್ಲಿ ಒಂದೇ ಪಾಲು. ಅರ್ಧ ಹೊಂದೋರಿಂದ ಟ್ರಾನ್ಸ್‌ಪ್ಲಾಂಟ್ ಮಾಡೋದೂ ಈಗ ನಡೀತೈತೆ, ಆದ್ರೂ ಪೂರ್ತಿ ಹೊಂದೋ ಹೊರಗಿನ ದಾನಿಗಾಗಿ ಕಾಯೋರು ಬಹಳ ಜನ, ಹೊಂದೋರು ನಮ್ ನಮ್ ಜನರಲ್ಲೇ ಸಿಗೋದು ಹೆಚ್ಚು. ಬೆಂಗಳೂರಿನ ಡಿಕೆಎಂಎಸ್, ಚೆನ್ನೈನ ದಾತ್ರಿ ಅಂತ ದಾನಿಗಳ ಹೆಸರು ನೋಂದಾಯಿಸೋ ರಿಜಿಸ್ಟ್ರಿ ಅದಾವೆ, ಕೆನ್ನೆ ಒಳಗೆ ಹತ್ತಿ ಕಡ್ಡಿ ಸವರಿ ಕಳಿಸಿದ್ರೆ ಆತು. ಮುಂದೆ ಯಾರಿಗೋ ಹೊಂದಿದ್ರೆ ಹೆಚ್ಚಿನ ಸಲ ಪ್ಲೇಟ್‌ಲೆಟ್ ಕೊಟ್ಟಂಗೆ ತೋಳಿನ ನರದಿಂದಾನೇ ಮೂಲ ಕಣ ತೆಗಿತಾರೆ, ಮುಂಚೆ ನಾಲ್ಕೈದು ದಿನ ಇಂಜೆಕ್ಷನ್ ಇರುತ್ತೆ, ಮೈಕೈ ನೋವಾಗುತ್ತೆ. ಆದ್ರೆ ಹೂಂ ಅಂದ್ಮೇಲೆ ಹಿಂದೆ ಸರೀಬೇಡ್ರಿ, ಟ್ರಾನ್ಸ್‌ಪ್ಲಾಂಟಿಗೆ ಅಂತ ಪೇಶೆಂಟಿನ ಮಜ್ಜೆನ ಕೀಮೋ ಕೊಟ್ಟು ಖಾಲಿ ಮಾಡಿರ್ತಾರೆ, ಆಗ ದಾನಿ ಬರದಿದ್ರೆ ಆ ಜೀವಕ್ಕೆ ದಾರಿ ಇಲ್ಲ. ಮನೇಲಿ ಅಪ್ಪ ಅವ್ವನ್ನ ಒಪ್ಪಿಸಿ ಆಮೇಲೆ ಹೆಸರು ಕೊಡ್ರಿ. ನಾನು ಅಣ್ಣಂಗೆ ಹೊಂದಲಿಲ್ಲ ಅಂತ ಗೊತ್ತಾದ ತಿಂಗಳೇ ಹೆಸರು ಕೊಟ್ಟೆ, ಇನ್ನೂ ಕರೆ ಬಂದಿಲ್ಲ, ಅವರಿಗೆ ಕೊಟ್ಟಿರೋ ನಂಬರ್ ಮಾತ್ರ ಇವತ್ತಿಗೂ ಬದಲಾಯಿಸಿಲ್ಲ.